ಹನುಮಕ್ಕನ ಹಸುವೂ ನನ್ನ ಎಲೆ ಟೀಯೂ

ಮನುಷ್ಯರಿಗೆ ದೊಡ್ಡ ಆಸೆಗಳಿಂದ ಬರುವ ತೊಂದರೆಗಿಂತ ಸಣ್ಣ ಆಸೆಗಳಿಂದ ಬರುವ ತೊಂದರೆಯೇ ಹೆಚ್ಚು ಎಂದು ನನಗೆ ಅನುಭವದಿಂದ ಗೊತ್ತಾಗಿದೆ. ದೊಡ್ಡ ಆಸೆ ಹೇಗೂ ಈಡೇರುವುದಿಲ್ಲ, ಆದ್ದರಿಂದ ಅದರಿಂದ ಅಪಾಯವೂ ಇಲ್ಲ. ನನಗೆ ಸ್ವಂತ ಮನೆ ಕಟ್ಟಿಸಬೇಕೆಂಬ ಆಸೆಯಿತ್ತು, ಕಾಶ್ಮೀರ ನೋಡಬೇಕೆಂಬ ಆಸೆಯಿತ್ತು. ಅವೆರಡೂ ಎಷ್ಟೋ ವರ್ಷ ನನ್ನ ತಲೆಯಲ್ಲಿ ತೆಪ್ಪಗೆ ಕುಳಿತಿದ್ದವು, ಯಾರಿಗೂ ಏನೂ ತೊಂದರೆ ಕೊಡಲಿಲ್ಲ. ಆದರೆ ಹಾಲು ಹಾಕದ ಒಳ್ಳೆಯ ಎಲೆ ಟೀಯನ್ನು ಮನೆಯಲ್ಲೇ ಮಾಡಿಕೊಂಡು ಕುಡಿಯಬೇಕು ಎಂಬ ಚಿಕ್ಕದೊಂದು ಆಸೆ ಹುಟ್ಟಿತು ನೋಡಿ, ತಿಂಗಳು ತಿರುಗುವುದರೊಳಗೆ ನಮ್ಮ ಹೊಸ್ತಿಲಿಗೆ ಒಂದು ಹಸು ಬಂದು ನಿಂತಿತು.

ನಾನು ಕಾಫಿಯ ಮನೆಯಲ್ಲಿ ಹುಟ್ಟಿ ಕಾಫಿಯ ಮನೆಯನ್ನೇ ಸೇರಿದವಳು. ನನ್ನ ತವರಿನಲ್ಲಿ ಟೀ ಎಂದರೆ ಅರ್ಧ ಔಷಧಿ, ಅರ್ಧ ಕೂಲಿ. ನೆಗಡಿಯಾದರೆ ಶುಂಠಿ ಜಜ್ಜಿ ಹಾಕಿ ನಮಗೆ ಕೊಡುತ್ತಿದ್ದರು; ಗೋಡೆಗೆ ಸುಣ್ಣ ಬಳಿಯುವವರು ಬಂದರೆ ಅಂಗಡಿಯಿಂದ ಒಂದು ಪೊಟ್ಟಣ ಪುಡಿ ತರಿಸಿ ಅವರಿಗೆ ಮಾಡಿಕೊಡುತ್ತಿದ್ದರು. ನೆಗಡಿಯೂ ಇಲ್ಲದೆ, ಸುಣ್ಣ ಬಳಿಯುವ ಕೆಲಸವೂ ಇಲ್ಲದೆ ಸುಮ್ಮನೆ ಕುಳಿತು ಟೀ ಕುಡಿಯುವವರು ಇದ್ದಾರೆ ಎಂಬುದೇ ನಮಗೆ ಗೊತ್ತಿರಲಿಲ್ಲ. ಮದುವೆಯಾದ ಮೇಲೆ ನೋಡಿದರೆ ಇವರು, ಅಂದರೆ ನಮ್ಮ ಯಜಮಾನರು, ಇನ್ನೂ ಒಂದು ಕೈ ಮೇಲು. ಯಶವಂತಪುರದ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರು. ಮಕ್ಕಳ ಲೆಕ್ಕ ತಪ್ಪಾದರೆ ಕ್ಷಮಿಸುತ್ತಿದ್ದರು, ಡಿಕಾಕ್ಷನ್ ತೆಳ್ಳಗಾದರೆ ಕ್ಷಮಿಸುತ್ತಿರಲಿಲ್ಲ. ತಮ್ಮ ತಾಯಿಯ ಹಿತ್ತಾಳೆ ಫಿಲ್ಟರನ್ನು ತಾವೇ ತೊಳೆದು ತಾವೇ ಒರೆಸಿ ಇಡುತ್ತಿದ್ದರು. ನಮ್ಮ ಮನೆಯಲ್ಲಿ ಅವರು ತೊಳೆಯುತ್ತಿದ್ದ ಒಂದೇ ಪಾತ್ರೆ ಅದು.

ನಾನು ಪೀಣ್ಯದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ನೀರಿನ ಪಂಪುಗಳ ಬಿಡಿಭಾಗ ಮಾಡುವ ಕಾರ್ಖಾನೆ. ನನಗೆ ನಡೆದು ಹೋಗುವಷ್ಟು ಹತ್ತಿರ, ಇವರಿಗೆ ಒಂದೇ ಬಸ್ಸಿನ ದೂರ ಎಂದು ರಾಜಗೋಪಾಲನಗರದಲ್ಲಿ ಹನುಮಕ್ಕನ ಸಾಲುಮನೆಗಳಲ್ಲೊಂದನ್ನು ಹಿಡಿದಿದ್ದೆವು. ಹನುಮಕ್ಕ ಆ ಊರಿನ ಮೂಲದ ಒಕ್ಕಲು ಮನೆತನದವರು. ಅವರ ಹೊಲಗಳೆಲ್ಲ ಕಾರ್ಖಾನೆಗಳಿಗೆ ಹೋಗಿದ್ದವು. ಉಳಿದಿದ್ದು ಊರಂಚಿನ ಒಂದು ತುಂಡು ಜಾಗ. ಅದರಲ್ಲಿ ಸಾಲಾಗಿ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟು, ಹಿಂದಿನ ಕೊಟ್ಟಿಗೆಯಲ್ಲಿ ಹಸುಗಳನ್ನು ಸಾಕಿಕೊಂಡಿದ್ದರು. ನಾನು ಮೊದಲ ದಿನ ನನ್ನ ಕಾರ್ಖಾನೆ ಯಾವುದೆಂದು ಹೇಳಿದಾಗ ಅವರು, "ಓ, ಅದಾ? ನೀನ್ ಕುಂತ್ಕಂಡು ಟೈಪ್ ಒಡೀತೀಯಲ್ಲವ್ವ, ಅಲ್ಲಿ ನಮ್ಮ ಅವರೆ ಬೆಳೀತಿತ್ತು. ಏನ್ ಸೊಗಡು ಅಂತೀಯ!" ಎಂದಿದ್ದರು. ಅಂದಿನಿಂದ ನಾನು ಮೆಷಿನ್ ಮುಂದೆ ಕೂರುವಾಗ ಯಾರದೋ ಗಿಡ ತುಳಿದ ಹಾಗೆ ಸ್ವಲ್ಪ ಸಂಕೋಚವಾಗುತ್ತಿತ್ತು. ಅವರು ನನ್ನನ್ನು 'ಟೈಪಮ್ಮ' ಎಂದು ಕರೆಯುತ್ತಿದ್ದರು. ಸಾಲುಮನೆಯವರೆಲ್ಲ ಹಾಗೇ ಕರೆಯತೊಡಗಿದರು.

ಮನೆ ಕೊಡುವಾಗ ಹನುಮಕ್ಕ ಹಾಕಿದ್ದು ಒಂದೇ ಷರತ್ತು. "ಆಲು ಮಾತ್ರ ನಮ್ಮಲ್ಲೇ ತಗೋಬೇಕು ಕಣವ್ವ. ಡೈರಿ ಆಲು ನಮ್ಮ ಬಾಗ್ಲಿಗೆ ಬರಬಾರ್ದು." ಇದು ವ್ಯಾಪಾರದ ಮಾತಲ್ಲ, ಮರ್ಯಾದೆಯ ಮಾತು. ಹೊಲ ಹೋದ ಮೇಲೆ 'ನಾವು ಒಕ್ಕಲು ಮಕ್ಕಳು' ಎಂದು ಹೇಳಿಕೊಳ್ಳಲು ಅವರಿಗೆ ಉಳಿದಿದ್ದದ್ದು ಆ ಹಾಲೊಂದೇ. ದಿನಾ ಬೆಳಿಗ್ಗೆ ತಾವೇ ಚೊಂಬು ಹಿಡಿದು ಬಂದು ನಮ್ಮ ಪಾತ್ರೆಗೆ ಒಂದು ಸೇರು ಅಳೆದು, ಮೇಲೊಂದು ಧಾರೆ ಕೊಸರು ಸುರಿದು ಹೋಗುತ್ತಿದ್ದರು. ಅಂಥ ಗಟ್ಟಿ ಹಾಲನ್ನು ನಾನು ಬೇರೆಲ್ಲೂ ಕಂಡಿಲ್ಲ.

ಎಲ್ಲವೂ ಸರಿಯಾಗಿರುವಾಗ ನಮ್ಮ ಆಫೀಸಿಗೆ ಕಲ್ಕತ್ತೆಯಿಂದ ಹೊಸ ಮ್ಯಾನೇಜರು ಬಂದರು, ಸೇನ್ ಸಾಹೇಬರು ಎಂದು. ಅವರ ಹೆಂಡತಿಗೂ ಅವರ ಮನೆಕೆಲಸದವಳಿಗೂ ಭಾಷೆ ಕೂಡಿರಲಿಲ್ಲ. ಬಟ್ಟೆಗೆ ನೀಲಿ ಹಾಕು ಎಂದರೆ ಅವಳು ನೆಲ ಸಾರಿಸುತ್ತಿದ್ದಳಂತೆ. ಒಂದು ಶನಿವಾರ ಮಧ್ಯಾಹ್ನ ಸಾಹೇಬರು ನನ್ನನ್ನು ಕರೆದು, ಸ್ವಲ್ಪ ಮನೆಗೆ ಹೋಗಿ ಇಬ್ಬರ ನಡುವೆ ಒಂದು ಒಪ್ಪಂದ ಮಾಡಿಸಿ ಬನ್ನಿ ಎಂದು ಕೇಳಿಕೊಂಡರು. ಹೋದೆ, ಮಾಡಿಸಿದೆ. ಆಮೇಲೆ ಮಿಸೆಸ್ ಸೇನ್ ನನ್ನನ್ನು ಕೂರಿಸಿ ಟೀ ಕೊಟ್ಟರು. ಬಿಳಿ ಪಿಂಗಾಣಿ ಕಪ್ಪು. ಒಳಗೆ ಹೊಸ ಜೇನಿನ ಬಣ್ಣದ ನೀರು, ತಳದಲ್ಲಿ ಬಿಡಿಸಿದ್ದ ಹೂವು ಸ್ಪಷ್ಟವಾಗಿ ಕಾಣುತ್ತಿತ್ತು. ಹಾಲು ಮರೆತಿದ್ದಾರೆ ಎಂದುಕೊಂಡು ಸ್ವಲ್ಪ ಹೊತ್ತು ಕಾದೆ. ಬರಲಿಲ್ಲ. ಮರ್ಯಾದೆಗೆ ಒಂದು ಗುಟುಕು ಕುಡಿದೆ. ಮೊದಲು ಬಿಸಿನೀರು ಅನ್ನಿಸಿತು, ಆಮೇಲೆ ನಾಲಿಗೆಯ ಪಕ್ಕದಲ್ಲಿ ಸಣ್ಣದೊಂದು ಒಗರು, ಅದರ ಹಿಂದೆ ಹೆಸರು ಹೇಳಲಾಗದ ಒಂದು ಪರಿಮಳ. ವಾರವೆಲ್ಲ ಇನ್ನೊಬ್ಬರ ಮಾತನ್ನೇ ಟೈಪು ಮಾಡಿದ ತಲೆ ಒಂದು ಕ್ಷಣ ಖಾಲಿಯಾಯಿತು. ಇದು ಇಂಗ್ಲಿಷ್ ಪತ್ರಿಕೆ ಓದುವವರ ಪಾನೀಯ, ನಾನೂ ಇದನ್ನು ಕುಡಿಯಬೇಕಾದವಳು ಎಂದು ಅಲ್ಲೇ ತೀರ್ಮಾನಿಸಿದೆ. ಮಾಡುವುದು ಹೇಗೆಂದು ಕೇಳಿದೆ. "ಎಲೆಯನ್ನು ಕುದಿಸಬಾರದು. ಕುದಿದ ನೀರನ್ನು ಎಲೆಯ ಮೇಲೆ ಹುಯ್ದು ಮುಚ್ಚಿಡಬೇಕು. ಒಂದು ಸಣ್ಣ ಮಾತುಕತೆ ಮುಗಿಯುವಷ್ಟು ಹೊತ್ತು ಬಿಟ್ಟು ಸೋಸಬೇಕು, ಅಷ್ಟೇ" ಎಂದು ಇಂಗ್ಲಿಷಿನಲ್ಲಿ ಹೇಳಿದರು ಮಿಸೆಸ್ ಸೇನ್.

ಮೊದಲು ಟೀ ಬೇಕಲ್ಲ. ರಾಜಗೋಪಾಲನಗರದ ಅಂಗಡಿಗಳಲ್ಲಿ ಟೀ ಎಂದರೆ ಡಸ್ಟ್, ಇಟ್ಟಿಗೆಪುಡಿಯ ಹಾಗೆ ನುಣ್ಣಗಿರುವುದು. ಎಲೆ ಎಂದು ಕೇಳಿದರೆ ವೀಳ್ಯದೆಲೆ ತೋರಿಸುತ್ತಿದ್ದರು. ಕೊನೆಗೆ ಮುಂದಿನ ಶನಿವಾರ ಬಸ್ಸು ಹತ್ತಿ ಸಿಟಿ ಮಾರ್ಕೆಟ್ಟಿಗೆ ಹೋಗಿ ಟೀ ಪುಡಿಯನ್ನೇ ಮಾರುವ ಒಂದು ಹಳೆಯ ಅಂಗಡಿ ಹುಡುಕಿದೆ. ಬಿಳಿ ಟೋಪಿಯ ವೃದ್ಧ ಸಾಬರು ಗಲ್ಲಾದಲ್ಲಿದ್ದರು. "ಮನೇಲಿ ಗಾರೆ ಕೆಲ್ಸ ನಡೀತಾ ಇದ್ಯಾ ಅಮ್ಮ?" ಎಂದರು. ಇಲ್ಲ, ನಮಗೇ ಎಂದೆ. ಅವರು ಒಂದು ಡಬ್ಬಿ ತೆರೆದು, "ಇದ್ ತಗೊಳ್ಳಿ, ಏಕ್ದಂ ಸ್ಟ್ರಾಂಗು. ಒಂದು ಚಮಚ ಹಾಕಿದ್ರೆ ಮನೆಮಂದಿಗೆಲ್ಲ ಸಾಕು" ಎಂದರು. ನನಗೆ ಸ್ಟ್ರಾಂಗ್ ಬೇಡ ಎಂದೆ. ಸಾಬರು ಕನ್ನಡಕ ಸರಿಮಾಡಿಕೊಂಡು, "ಅಂದ್ರೆ ವೀಕ್ ಬೇಕಾ?" ಎಂದು ಕೇಳಿದರು. ತಮ್ಮ ಇಷ್ಟು ವರ್ಷದ ವ್ಯಾಪಾರದಲ್ಲಿ ವೀಕ್ ಟೀ ಬೇಕೆಂದು ಬಂದವರನ್ನು ಅವರು ನೋಡಿರಲಿಲ್ಲ.

ಎಲೆ ಟೀ ಎಂದು ನಾನು ಬಿಡಿಸಿ ಹೇಳಿದ ಮೇಲೆ ಒಳಗಿನಿಂದ ಎರಡು ಮರದ ಪೆಟ್ಟಿಗೆ ಎಳೆಸಿದರು. ಎರಡೂ ನೀಲಗಿರಿಯದು. ಒಂದರಲ್ಲಿ ಮುರುಟಿದ ಉದ್ದುದ್ದ ಎಲೆ, ನೋಡಲು ಒಣಗಿದ ಮೆಂತ್ಯದ ಸೊಪ್ಪಿನ ಹಾಗಿತ್ತು. ಇನ್ನೊಂದರಲ್ಲಿ ಮುರಿದ ಎಲೆ, ಅದನ್ನು ಯಾವುದಕ್ಕೆ ಹೋಲಿಸಬಹುದೆಂದು ಇಲಿ ಇರುವ ಮನೆಯವರಿಗೆಲ್ಲ ಗೊತ್ತು. "ಅಂಗೈಲಿ ಹಾಕ್ಕೊಂಡು ಬಾಯಿಂದ ಬಿಸಿ ಗಾಳಿ ಬಿಡಿ, ಆಮೇಲೆ ವಾಸನೆ ನೋಡಿ" ಎಂದರು ಸಾಬರು. ನಾನು ಗಾಳಿ ಬಿಟ್ಟೆ, ಉಸಿರೆಳೆದೆ, ಜೋರಾಗಿ ಸೀನಿದೆ. ಅಂಗೈಯಲ್ಲಿದ್ದದ್ದೆಲ್ಲ ಅವರ ಟೋಪಿಯ ಮೇಲೆ ಹೋಯಿತು. ಎರಡನೆಯದನ್ನು ಜಾಗ್ರತೆಯಾಗಿ ಮೂಸಿದೆ. ನಿಜ ಹೇಳಬೇಕೆಂದರೆ ಎರಡಕ್ಕೂ ನನಗೆ ಒಂದೇ ವಾಸನೆ, ಹೊಸ ಬೆಂಚಿನ ವಾಸನೆ. ಆದರೂ ಕಣ್ಣು ಅರ್ಧ ಮುಚ್ಚಿ, ತಲೆ ಒಂದು ಕಡೆ ವಾಲಿಸಿ, ತುಂಬಾ ತಿಳಿದವಳ ಹಾಗೆ "ಇದು" ಎಂದು ಮೆಂತ್ಯದ ಸೊಪ್ಪಿನ ಕಡೆ ಬೆರಳು ತೋರಿಸಿದೆ. "ಒಳ್ಳೇದನ್ನೇ ಆರಿಸಿದ್ರಿ" ಎಂದರು ಸಾಬರು. ಇನ್ನೊಂದನ್ನು ತೋರಿಸಿದ್ದರೂ ಅದನ್ನೇ ಹೇಳುತ್ತಿದ್ದರೇನೋ. ಇದರ ರುಚಿ ಹೇಗಿರುತ್ತದೆ ಎಂದು ಕೇಳಿದರೆ, "ನಂಗೊತ್ತಿಲ್ಲಮ್ಮ, ನಾನು ಕಾಫಿ ಕುಡಿಯೋನು" ಎಂದುಬಿಟ್ಟರು.

ಮರುದಿನ ಭಾನುವಾರ. ಟೀ ಮಾಡುವ ಪಾತ್ರೆ ನಮ್ಮಲ್ಲಿ ಇರಲಿಲ್ಲ. ಮುಚ್ಚಿಡಬೇಕು, ಸೋಸಬೇಕು ಎಂದರೆ ಅದು ಫಿಲ್ಟರಿನ ಕೆಲಸವೇ ಅಲ್ಲವೇ ಎಂದು ತೋರಿ, ಇವರು ತರಕಾರಿ ತರಲು ಹೋದಾಗ ಅತ್ತೆಯವರ ಹಿತ್ತಾಳೆ ಫಿಲ್ಟರಿಗೆ ಎಲೆ ಹಾಕಿ ಬಿಸಿನೀರು ಹುಯ್ದೆ. ಎಲೆಗಳು ಉಬ್ಬಿ ತೂತುಗಳನ್ನೆಲ್ಲ ಮುಚ್ಚಿಕೊಂಡು ಕುಳಿತವು. ತಟ್ಟಿದೆ, ಅಲ್ಲಾಡಿಸಿದೆ, ಒಂದು ಹನಿಯೂ ಇಳಿಯಲಿಲ್ಲ. ಇವರು ಬಂದು ನೋಡಿ, ಸೊಪ್ಪಿನ ಚೀಲವನ್ನು ನೆಲದ ಮೇಲಿಟ್ಟು, "ನಮ್ಮಮ್ಮನ ಫಿಲ್ಟರಲ್ಲಿ ಏನೇ ಅದು, ಗೊಬ್ಬರ?" ಎಂದರು. ಆ ದಿನವೆಲ್ಲ ನನ್ನೊಡನೆ ಬೀಜಗಣಿತದ ಭಾಷೆಯಲ್ಲಿ, ಅಂದರೆ ಆದಷ್ಟು ಕಡಿಮೆ ಅಕ್ಷರಗಳಲ್ಲಿ ಮಾತಾಡಿದರು.

ಆಮೇಲೆ ಸಾರಿನ ಸಣ್ಣ ಪಾತ್ರೆಗೆ ಎಲೆ ಹಾಕಿ, ನೀರು ಹುಯ್ದು, ತಟ್ಟೆ ಮುಚ್ಚಿ, ಬಟ್ಟೆಯಲ್ಲಿ ಸೋಸುವ ಕ್ರಮಕ್ಕೆ ಬಂದೆ. ಮೊದಲ ಸಲ ಅದಕ್ಕೆ ಸಾರಿನ ಇಂಗಿನ ವಾಸನೆ ಬಂತು; ಪಾತ್ರೆಯನ್ನು ಹುಣಿಸೆಹಣ್ಣು ಹಾಕಿ ಉಜ್ಜಿದ ಮೇಲೆ ಸರಿಹೋಯಿತು. ಇನ್ನು ಉಳಿದಿದ್ದು ಆ ಸಣ್ಣ ಮಾತುಕತೆಯ ಅಳತೆ. ಇವರ ಜೊತೆ ಆಡಿ ನೋಡಿದೆ. "ಏನ್ರೀ, ಇವತ್ತು ಸ್ಕೂಲಲ್ಲಿ ಏನಾಯ್ತು?" ಎಂದರೆ "ಏನಿಲ್ಲ" ಎಂದರು. ಮಾತುಕತೆ ಮುಗಿಯಿತು. ಸೋಸಿದರೆ ಬರೀ ಬಿಸಿನೀರು. ಮತ್ತೊಂದು ದಿನ ನೀರು ಹುಯ್ದು ಮುಚ್ಚಿಟ್ಟ ಹೊತ್ತಿಗೆ ಸರಿಯಾಗಿ ಹನುಮಕ್ಕ ಬಂದು ಬಾಗಿಲಲ್ಲಿ ನಿಂತು ತಮ್ಮ ಮೈದುನನ ಮಗಳ ಮದುವೆಯ ಸುದ್ದಿ ತೆಗೆದರು. ಅವರ ಮಾತಿನಲ್ಲಿ ಗಂಡಿನ ಕಡೆಯವರು ಇನ್ನೂ ಮನೆಯಿಂದಲೇ ಹೊರಟಿರಲಿಲ್ಲ, ಅಷ್ಟರಲ್ಲಿ ನನ್ನ ಟೀ ಕಪ್ಪು ಮಸಿಯಾಗಿತ್ತು. ಕೊನೆಗೆ ಪಕ್ಕದ ಮನೆಯ ಸರೋಜಳೇ ನನಗೆ ಸರಿಯಾದ ಅಳತೆ ಎಂದು ಕಂಡುಕೊಂಡೆ. ಅವಳ ಗಂಡ ಲೇತ್ ಕೆಲಸಗಾರ. ಅವನು ಶಿಫ್ಟು ಮುಗಿಸಿ ಬರುವ ಹೊತ್ತಿಗೆ ಅವಳು ಗೋಡೆಯಾಚೆಯಿಂದ ಒಂದು ಸುದ್ದಿ ಹೇಳಿ, ಒಂದು ಸುದ್ದಿ ಕೇಳಿ ಒಳಗೆ ಓಡುತ್ತಿದ್ದಳು. ಆಗ ಸೋಸಿದರೆ ಮಿಸೆಸ್ ಸೇನ್ ಮನೆಯ ಅದೇ ಬಣ್ಣ, ಹೆಚ್ಚುಕಡಿಮೆ ಅದೇ ಪರಿಮಳ. ನಾನು ಗೆದ್ದೆ ಎಂದುಕೊಂಡೆ.

ಗೆದ್ದವಳು ಸುಮ್ಮನಿರಬೇಕಾಗಿತ್ತು. ನಾನು ಎರಡು ಹೊತ್ತೂ ಕಾಫಿ ಬಿಟ್ಟದ್ದರಿಂದ ಮನೆಯಲ್ಲಿ ಹಾಲು ಮಿಕ್ಕತೊಡಗಿತು. ಹೆಪ್ಪು ಹಾಕಿ ಹಾಕಿ ಮನೆಯೆಲ್ಲ ಮೊಸರು. ಒಂದು ಬೆಳಿಗ್ಗೆ ಹನುಮಕ್ಕ ಅಳೆಯುವಾಗ, "ನಾಳೆಯಿಂದ ಒಂದು ಪಾವು ಕಮ್ಮಿ ಹಾಕಿ ಹನುಮಕ್ಕ, ಸಾಕು" ಎಂದೆ. ಅವರ ಕೈ ಅಲ್ಲೇ ನಿಂತಿತು. ನನ್ನ ಮುಖ ನೋಡಿದರು, ಹಾಲು ನೋಡಿದರು, ಚೊಂಬು ಎತ್ತಿಕೊಂಡು ಹೋದರು. ಆ ಸಂಜೆ ಸರೋಜ ಗೋಡೆಯಾಚೆಯಿಂದ ಪಿಸುಗುಟ್ಟಿದಳು. "ಟೈಪಮ್ಮ, ಹಾಲಲ್ಲಿ ನೀರಿದೆ ಅಂದ್ಬಿಟ್ರಂತೆ? ಹನುಮಕ್ಕ ಬೆಳಗಿಂದ ಊಟ ಮಾಡಿಲ್ಲ ಕಣ್ರೀ." ನಾನು ಅಂಥ ಮಾತೇ ಆಡಿಲ್ಲ ಎಂದೆ. ಅವಳು ನಂಬಿದ ಹಾಗೆ ತಲೆಯಾಡಿಸಿದಳು, ನಂಬಲಿಲ್ಲ.

ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಹೊಸ್ತಿಲ ಎದುರಿಗೆ ಹಸು. ಹನುಮಕ್ಕನ ಗೌರಿ, ಕೊಂಬಿಗೆ ಅರಿಶಿನ ಬಳಿದ ದೊಡ್ಡ ಹಸು, ನಮ್ಮ ರಂಗೋಲಿಯ ಮೇಲೆ ನಿಂತಿದೆ. ಕರುವನ್ನು ನಮ್ಮ ಕಿಟಕಿಯ ಸರಳಿಗೆ ಕಟ್ಟಿದ್ದಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹನುಮಕ್ಕ ಕುಕ್ಕರಗಾಲಲ್ಲಿ ಕುಳಿತಿದ್ದಾರೆ. ಸಾಲುಮನೆಯವರೆಲ್ಲ ಅಲ್ಲಲ್ಲೇ ನಿಂತು ಹಲ್ಲುಜ್ಜುತ್ತಿದ್ದಾರೆ. ಅಷ್ಟು ನಿಧಾನವಾಗಿ ಅವರು ಹಲ್ಲುಜ್ಜಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ಬಾ ಟೈಪಮ್ಮ, ಬಂದು ಇಲ್ಲೇ ನಿಂತ್ಕ. ನಿನ್ ಪಾತ್ರೆಗೇ ಕರೀತೀನಿ, ನಿನ್ ಕಣ್ಣೆದುರ್ಗೇ ಕರೀತೀನಿ. ನೀರು ಎಲ್ಲಿ ಬೆರುಸ್ತೀನೋ ನೀನೇ ತೋರ್ಸು."

"ಅಯ್ಯೋ ಹನುಮಕ್ಕ, ನಾನು ಹಾಗೆಲ್ಲ ಅನ್ನಲೇ ಇಲ್ಲ!"

"ಅನ್ನದಿದ್ಮೇಲೆ ಕಮ್ಮಿ ಯಾಕಂದೆ? ನೀರ್ ಬೆರ್ಸೋ ವಂಸ ಅಲ್ಲ ಕಣವ್ವ ನಮ್ದು. ಬೇಡ ಅಂದ್ರೆ ಬೇರೆ ಮನೆ ನೋಡ್ಕಳಿ. ಮಾತ್ ಮಾತ್ರ ಬ್ಯಾಡ."

ಗದ್ದಲ ಕೇಳಿ ಇವರು ಒಂದು ಕೆನ್ನೆಗೆ ಸೋಪಿನ ನೊರೆ ಹಚ್ಚಿಕೊಂಡು, ಕೈಯಲ್ಲಿ ರೇಜರ್ ಹಿಡಿದು ಬಾಗಿಲಿಗೆ ಬಂದರು. ಆ ಅರ್ಧ ಬಿಳಿ ಮುಖ ನೋಡಿ ಗೌರಿ ಬೆದರಿ ಒಂದು ಹೆಜ್ಜೆ ಹಿಂದೆ ಸರಿಯಿತು. ಅದಕ್ಕೂ ನಮ್ಮದೇ ತಪ್ಪು ಎಂಬ ಹಾಗೆ ಹನುಮಕ್ಕ ನೋಡಿದರು. ನಾನು ಬೇರೆ ದಾರಿ ಕಾಣದೆ ನಿಜ ಹೇಳಿದೆ. "ನಾನು ಈಗ ಟೀ ಕುಡೀತೀನಿ ಹನುಮಕ್ಕ. ಅದಕ್ಕೆ ಹಾಲು ಹಾಕಲ್ಲ. ಹಾಗಾಗಿ ಮಿಕ್ಕುತ್ತೆ, ಅಷ್ಟೇ." ಸಾಕ್ಷಿಗೆ ಎಂದು ಮೆಟ್ಟಿಲ ಪಕ್ಕದ ಗುಲಾಬಿ ಕುಂಡ ತೋರಿಸಿದೆ. ಸೋಸಿದ ಎಲೆಗಳನ್ನು ನಾನು ಅದರ ಬುಡಕ್ಕೆ ಹಾಕುತ್ತಿದ್ದೆ. ಗೌರಿ ಕುತ್ತಿಗೆ ಚಾಚಿ ಆ ಎಲೆಗಳನ್ನು ಮೂಸಿತು, ಬುಸ್ ಎಂದು ಉಸಿರು ಬಿಟ್ಟಿತು, ಮುಖ ತಿರುಗಿಸಿಕೊಂಡಿತು.

"ನೋಡ್ದಾ?" ಎಂದರು ಹನುಮಕ್ಕ. "ಗೋಡೆ ಮೇಲಿನ ಸಿನಿಮಾ ಪೋಸ್ಟರ್ ತಿನ್ನೋ ಅಸ ಅದು. ಇದನ್ನ ಮುಟ್ಟಾಕಿಲ್ಲ ಅಂತೈತೆ."

ಆದರೂ ಅವರ ಸಿಟ್ಟು ಸ್ವಲ್ಪ ಇಳಿದಿತ್ತು. ಒಳಗೆ ಬನ್ನಿ, ಮಾಡಿ ತೋರಿಸುತ್ತೇನೆ ಎಂದು ಕರೆದೆ. ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಕುಳಿತರು. ನಾನು ಟೀ ಮಾಡಿ, ಸೋಸಿ, ಸ್ವಲ್ಪ ಸಕ್ಕರೆ ಹಾಕಿ ಲೋಟ ಕೊಟ್ಟೆ. ಒಂದು ಗುಟುಕು ಕುಡಿದು ಲೋಟವನ್ನು ನೆಲದ ಮೇಲಿಟ್ಟರು. "ಗೋಣಿಚೀಲ ನೆನೆ ಆಕಿದ ನೀರು ಇದ್ದಂಗೈತೆ" ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ಲೋಟದ ಅಂಚನ್ನು ಬೆರಳಿನಿಂದ ಒರೆಸುತ್ತ ಹೇಳಿದರು.

"ನಾನೂ ಕುಡ್ದಿದೀನಿ ಕಣವ್ವ ಕರೀ ಟೀಯ. ಜಮೀನು ಓದ ವರ್ಸ. ಮೇಯಾಕೆ ನೆಲ ಇಲ್ದೆ ಅಸಾನೆಲ್ಲ ಒಂದೊಂದಾಗಿ ಮಾರ್ಬಿಟ್ವಿ. ನೆಂಟ್ರು ಬಂದ್ರೆ ಆಲಿಲ್ದೆ ಟೀ ಕಾಸಿ ಕೊಡ್ತಿದ್ದೆ. ನಮ್ಮಾವ ಆ ಲೋಟಾನ ನೋಡ್ನಾರ್ದೆ ಎದ್ದು ಒರಗಡೆ ಓಗ್ಬಿಡೋರು. ಆಮೇಕೆ ಈ ಗೌರಿ ತಾಯಿ ಬಂತು, ಮನೇಗೆ ಕಳೆ ಬಂತು."

ಹೀಗೆಂದವರು ಸುತ್ತ ಕಣ್ಣಾಡಿಸಿದರು. ಅದು ತಿಂಗಳ ಕೊನೆ. ಡಬ್ಬಿಗಳನ್ನೆಲ್ಲ ತೊಳೆದು ಬಾಯಿ ಕೆಳಗೆ ಮಾಡಿ ಒಣಗಲು ಇಟ್ಟಿದ್ದೆ. ಹಗ್ಗದ ಮೇಲೆ ಇವರ ಬನಿಯನ್ನು ನೇತಾಡುತ್ತಿತ್ತು. ಅದರಲ್ಲಿ ಬಟ್ಟೆಗಿಂತ ಗಾಳಿಯೇ ಹೆಚ್ಚಿತ್ತು. ಹನುಮಕ್ಕ ಅದನ್ನೆಲ್ಲ ನೋಡಿದರು, ನನ್ನನ್ನು ನೋಡಿದರು. ಅವರ ಮುಖ ಮೆತ್ತಗಾಯಿತು. ಎದ್ದು ನನ್ನ ತಲೆಯ ಮೇಲೆ ಕೈಯಿಟ್ಟು, "ಆಯ್ತು ಬಿಡವ್ವ, ನಂಗೆ ತಿಳೀದೆ ಓಯ್ತು" ಎಂದು ಹೊರಟರು. ಜಗಳ ಮುಗಿಯಿತು, ಮನೆ ಉಳಿಯಿತು ಎಂದು ನಾನು ನಿಟ್ಟುಸಿರು ಬಿಟ್ಟೆ.

ಮರುದಿನ ಪಾತ್ರೆಗೆ ಒಂದು ಸೇರಿನ ಮೇಲೆ ಇನ್ನೂ ಅರ್ಧ ಸೇರು ಬಿತ್ತು. ಬೇಡ ಎಂದರೆ, "ಲೆಕ್ಕಕ್ಕಿಲ್ಲ, ಇಡ್ಕ" ಎಂದು ನನ್ನ ಕೈ ಅದುಮಿದರು. ಸಂಜೆ ಸರೋಜ ಒಂದು ಬುಟ್ಟಿ ರಾಗಿಹಿಟ್ಟು ತಂದಿಟ್ಟು, ನನ್ನ ಮುಖ ನೋಡದೆ ಓಡಿದಳು. ನಾಲ್ಕನೇ ಮನೆಯ ಅಜ್ಜಿ ಹಿತಕಿದ ಅವರೆಬೇಳೆ ಕಳಿಸಿದರು. ಇದೆಲ್ಲ ಯಾಕೆಂದು ನನಗೆ ಹೊಳೆಯಲಿಲ್ಲ. ಇವರಿಗೆ ಹೊಳೆಯಿತು, ಸರೋಜಳ ಗಂಡ ಬಸ್‌ಸ್ಟಾಪಿನಲ್ಲಿ ಸಿಕ್ಕಿ, "ಮೇಷ್ಟ್ರೆ, ತಪ್ಪು ತಿಳ್ಕೋಬೇಡಿ ಸಾರ್. ನಮ್ಮ ಫ್ಯಾಕ್ಟ್ರೀಲಿ ಸಂಜೆ ಶಿಫ್ಟಿಗೆ ಟೈಮ್ ಕೀಪರ್ ಬೇಕಂತೆ. ಸ್ಕೂಲ್ ಮುಗ್ಸಿ ಬರ್ಬೋದು" ಎಂದು ಮೆಲ್ಲಗೆ ಹೇಳಿದಾಗ. ಹಾಲಿಗೂ ಗತಿಯಿಲ್ಲದೆ ಮೇಷ್ಟರ ಹೆಂಡತಿ ಕರೀ ಟೀ ಕುಡಿದು ಕಾಲ ಹಾಕುತ್ತಿದ್ದಾಳೆ, ಪಾಪ, ಹೊರಗೆ ಮಾತ್ರ ಅದು ದೊಡ್ಡವರ ರೂಢಿ ಎಂದು ಹೇಳಿಕೊಳ್ಳುತ್ತಾಳೆ ಎಂದು ಸಾಲುಮನೆಯಲ್ಲೆಲ್ಲ ಹರಡಿತ್ತು.

ಇವರು ಕೆಂಡವಾದರು. "ಈಗಲೇ ಹೋಗಿ ಹನುಮಕ್ಕನಿಗೆ ಹೇಳಿ ಬರ್ತೀನಿ, ನಮಗೇನೂ ಕೊರತೆ ಇಲ್ಲ ಅಂತ" ಎಂದು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೊರಟರು. ಸ್ವಲ್ಪ ಹೊತ್ತಿನ ಮೇಲೆ ಹಿಂತಿರುಗಿದರು. ಕಂಕುಳಲ್ಲಿ ಒಂದು ಸಿಹಿಕುಂಬಳಕಾಯಿ ಇತ್ತು.

"ಹೇಳಿದ್ರಾ?"

"ಹೇಳಿದೆ."

"ಏನಂದ್ರು?"

"'ಎಲ್ರಿಗೂ ಬರೋದೇ ಬಿಡಪ್ಪ, ನಾಚ್ಕೋಬೇಡ' ಅಂದ್ರು" ಎಂದು ಕುಂಬಳಕಾಯಿಯನ್ನು ಮೂಲೆಯಲ್ಲಿಟ್ಟರು.

ಹಾಗಾದರೆ ಈ ಟೀಯನ್ನೇ ಬಿಟ್ಟುಬಿಡುತ್ತೇನೆ ಎಂದೆ. ಗಣಿತದ ಮೇಷ್ಟರು ಯೋಚಿಸಿದರು. "ಬಿಟ್ಟರೆ ಟೀಗೂ ಗತಿಯಿಲ್ಲದ ಹಾಗಾಯ್ತು ಅಂತಾರೆ" ಎಂದರು. ಅದೂ ನಿಜವೇ. ಕೊನೆಗೆ ಅವರೇ ಒಂದು ದಾರಿ ಕಂಡುಹಿಡಿದರು. ಇದು ಬಡತನವಲ್ಲ, ಇಷ್ಟಪಟ್ಟು ಕುಡಿಯುವುದು ಎಂದು ತೋರಿಸಬೇಕಾದರೆ ಇಬ್ಬರೂ ಕುಡಿಯಬೇಕು, ಎಲ್ಲರಿಗೂ ಕಾಣುವ ಹಾಗೆ ಕುಡಿಯಬೇಕು. ಅಂದಿನಿಂದ ಸಂಜೆ ಇವರು ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು, ಗಾಜಿನ ಲೋಟದಲ್ಲಿ ಕರೀ ಟೀ ಹಿಡಿದು, ಹೋಗಿಬರುವವರಿಗೆಲ್ಲ ಕಾಣುವಂತೆ ಮುಗುಳ್ನಗುತ್ತ ಕುಡಿಯತೊಡಗಿದರು. ಮೊದಲ ದಿನಗಳಲ್ಲಿ ಆ ನಗುವನ್ನು ನೋಡಿದರೆ ನನಗೇ ಅಳು ಬರುತ್ತಿತ್ತು. ನೋಡಿದವರಿಗೂ ಬಂದಿರಬೇಕು. ಪಾಪ, ಮೇಷ್ಟ್ರೂ ಕಾಫಿ ಬಿಟ್ಟರಂತೆ ಎಂದು ಸುದ್ದಿಯಾಯಿತು. ಅಜ್ಜಿ ಇನ್ನೊಂದು ಸಲ ಅವರೆಬೇಳೆ ಕಳಿಸಿದರು.

ಇಷ್ಟರಲ್ಲಿ ಮಿಸೆಸ್ ಸೇನ್ ನಮ್ಮ ಮನೆಗೆ ಬರುತ್ತೇನೆ ಎಂದು ಹೇಳಿಕಳಿಸಿದರು. ನನಗೆ ಆನೆಬಲ ಬಂತು. ಮ್ಯಾನೇಜರ ಹೆಂಡತಿಯೇ ನಮ್ಮ ಜಗಲಿಯಲ್ಲಿ ಕುಳಿತು ಹಾಲಿಲ್ಲದ ಟೀ ಕುಡಿದರೆ ಯಾರು ಏನು ಅನ್ನುತ್ತಾರೆ? ಎರಡು ಪಿಂಗಾಣಿ ಕಪ್ಪು ಕೊಂಡು ತಂದೆ. ಪಾತ್ರೆಯನ್ನು ಮತ್ತೆ ಹುಣಿಸೆಹಣ್ಣಿನಲ್ಲಿ ಉಜ್ಜಿದೆ. ಸಾಲುಮನೆಗೆಲ್ಲ ಕೇಳುವ ಹಾಗೆ ಸರೋಜಳಿಗೆ ವಿಷಯ ಹೇಳಿದೆ. ಅದು ಹನುಮಕ್ಕನಿಗೂ ಕೇಳಿಸಿತು ಎಂಬುದು ನನಗೆ ಆಮೇಲೆ ತಿಳಿಯಿತು.

ಮಿಸೆಸ್ ಸೇನ್ ಬಂದರು. ಕಾರು ನೋಡಲು ಜನ ಸೇರಿದರು. ನಾನು ಅವರನ್ನು ಕೂರಿಸಿ, ಮೊದಲು ನೀರು ಕೊಟ್ಟು, ಕೆಲಸದವಳ ಯೋಗಕ್ಷೇಮ ವಿಚಾರಿಸಿ ಅಡುಗೆಮನೆಗೆ ಹೋದರೆ, ಹಿತ್ತಲ ಬಾಗಿಲಿನಿಂದ ಬಂದ ಹನುಮಕ್ಕ ಸ್ಟೌ ಮುಂದೆ ಕುಳಿತಿದ್ದಾರೆ. ನನ್ನ ಎಲೆ ಟೀ ಒಂದು ದೊಡ್ಡ ಹಿಡಿ, ಒಂದು ಚೊಂಬು ಗಟ್ಟಿ ಹಾಲಿನೊಳಗೆ ಕೊತಕೊತ ಕುದಿಯುತ್ತಿದೆ. ಪಕ್ಕದಲ್ಲಿ ಜಜ್ಜಿದ ಶುಂಠಿ, ಏಲಕ್ಕಿ ಸಿಪ್ಪೆ, ಬೆಲ್ಲದ ಚೂರು.

"ಹನುಮಕ್ಕ! ಏನ್ ಮಾಡಿದ್ರಿ!"

"ಸುಮ್ಕಿರವ್ವ, ಒರಗೆ ಕೇಳ್ತದೆ. ಅಷ್ಟ್ ದೊಡ್ಡೋರು ಮನೆಗ್ ಬಂದವ್ರೆ, ಅವ್ರ ಮುಂದೆ ಬರೀ ಕರೀ ನೀರ್ ಇಟ್ರೆ ನಿಮ್ಮನೆ ಮಾನ ಏನಾದೀತು? ನಾನಿಲ್ವಾ?"

ಬೇರೆ ಟೀ ಮಾಡೋಣವೆಂದರೆ ಡಬ್ಬಿಯಲ್ಲಿ ಎಲೆಯೇ ಉಳಿದಿರಲಿಲ್ಲ. ಹೊಸ ಪಿಂಗಾಣಿ ಕಪ್ಪಿಗೆ ಆ ಕೆನೆಗಟ್ಟಿದ ಕೆಂಚು ಟೀಯನ್ನು ಹುಯ್ದು, ತಲೆ ತಗ್ಗಿಸಿಕೊಂಡು ಹೋಗಿ ಮಿಸೆಸ್ ಸೇನ್ ಮುಂದೆ ಇಟ್ಟೆ. ಹನುಮಕ್ಕ ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡುತ್ತಿದ್ದರು. ಮಿಸೆಸ್ ಸೇನ್ ಒಂದು ಗುಟುಕು ಕುಡಿದರು. ಕಣ್ಣು ದೊಡ್ಡದಾಯಿತು. ಇನ್ನೊಂದು ಗುಟುಕು. ಆಮೇಲೆ ಕಪ್ಪನ್ನು ಕೆಳಗಿಡದೆ ಪೂರ್ತಿ ಕುಡಿದು, ಇನ್ನೂ ಇದೆಯೇ ಎಂದು ಕೇಳಿದರು. ತಮ್ಮ ತವರಿನಲ್ಲಿ ಹೀಗೆಯೇ ಹಾಲಲ್ಲಿ ಕುದಿಸಿ ಮಾಡುತ್ತಿದ್ದರಂತೆ. ಹಾಲು ಹಾಕದ ಟೀಯ ಹುಚ್ಚು ಸಾಹೇಬರದಂತೆ. ಮದುವೆಯಾದ ಮೇಲೆ ಅವರಿಗಾಗಿ ಅಭ್ಯಾಸ ಮಾಡಿಕೊಂಡದ್ದು, ಇನ್ನೂ ಪೂರ್ತಿ ಅಭ್ಯಾಸವಾಗಿಲ್ಲ ಎಂದು ನಕ್ಕರು. ಮಾಡಿದವರು ಯಾರೆಂದು ಕೇಳಿ ಹನುಮಕ್ಕನನ್ನು ಹೊರಗೆ ಕರೆಸಿ, ಅವರ ಎರಡೂ ಕೈ ಹಿಡಿದುಕೊಂಡು ಬಂಗಾಳಿಯಲ್ಲಿ ಏನೋ ಹೇಳಿದರು. ಹನುಮಕ್ಕ ಕನ್ನಡದಲ್ಲಿ ಏನೋ ಹೇಳಿದರು. ನಾನು ದುಭಾಷಿಯಾಗಿ ನಡುವೆ ನಿಂತಿದ್ದೆ, ನನ್ನ ಅಗತ್ಯ ಯಾರಿಗೂ ಬೀಳಲಿಲ್ಲ.

ಅವರೆಲ್ಲ ಹೋದ ಮೇಲೆ ಪಾತ್ರೆ ತೊಳೆಯಲು ಹೋದೆ. ತಳದಲ್ಲಿ ಅರ್ಧ ಲೋಟದಷ್ಟು ಉಳಿದಿತ್ತು. ಚೆಲ್ಲುವುದೇಕೆ ಎಂದು ಕುಡಿದೆ. ಏನು ಹೇಳಲಿ, ಎಷ್ಟು ಚೆನ್ನಾಗಿತ್ತೆಂದರೆ ಪಾತ್ರೆಯನ್ನು ಬಗ್ಗಿಸಿ ಕೊನೆಯ ಹನಿಗೆ ಕಾದೆ. ಮಾರ್ಕೆಟ್ಟಿನ ಸಾಬರ ಅಂಗಡಿಯಲ್ಲಿ ನಾನು ಮೂಸಿಯೂ ಕಾಣದ ಆ ಪರಿಮಳ, ಗೌರಿಯ ಹಾಲಿನಲ್ಲಿ ಕುದಿದ ಮೇಲೆ ತಾನಾಗಿ ಎದ್ದು ಬಂದಿತ್ತು.

ಇನ್ನು ಮುಂದೆ ಹೀಗೇ ಮಾಡೋಣ ಎಂದು ಇವರಿಗೆ ಹೇಳಬೇಕೆಂದು ಹೊರಗೆ ಬಂದೆ. ಇವರು ಜಗಲಿಯ ಮೇಲೆ ಸರೋಜಳ ಗಂಡನನ್ನು ಕೂರಿಸಿಕೊಂಡಿದ್ದರು. "ನೋಡಪ್ಪ, ಎಲೆ ಕುದಿಸಬಾರದು. ಕುದಿಸಿದ್ರೆ ಸತ್ತುಹೋಗುತ್ತೆ. ಹಾಲು ಹಾಕೋದು ಅಂದ್ರೆ ಅದಕ್ಕೆ ಅವಮಾನ ಮಾಡಿದ ಹಾಗೆ" ಎಂದು ಪಾಠ ಮಾಡುತ್ತಿದ್ದರು. ತೋರಿಕೆಗೆ ಕುಡಿಯಲು ಹೊರಟವರಿಗೆ ನಿಜವಾಗಿಯೂ ರುಚಿ ಹತ್ತಿಬಿಟ್ಟಿತ್ತು. ಮರುವಾರ ತಾವೇ ಮಾರ್ಕೆಟ್ಟಿಗೆ ಹೋಗಿ ಎಲೆ ಮೂಸಿ ತಂದರು, ಸೀನಲೂ ಇಲ್ಲವಂತೆ. ಕಾಫಿಯನ್ನು ಮುಟ್ಟುವುದನ್ನೇ ಬಿಟ್ಟರು. ಅವರನ್ನು ಈ ದಾರಿಗೆ ಎಳೆದವಳು ನಾನು. ನನಗೆ ಈಗ ಅದು ಅಷ್ಟೇನೂ ಸೇರುವುದಿಲ್ಲ ಎಂದು ಯಾವ ಮುಖದಿಂದ ಹೇಳಲಿ? ಅವರು ಗಾಜಿನ ಲೋಟವನ್ನು ಬೆಳಕಿಗೆ ಹಿಡಿದು "ಬಣ್ಣ ನೋಡೇ" ಎನ್ನುತ್ತಾರೆ. ನಾನು ನೋಡುತ್ತೇನೆ, ಚೆನ್ನಾಗಿದೆ ಎನ್ನುತ್ತೇನೆ, ಮೂಗು ಹಿಡಿಯದೆ ನುಂಗುತ್ತೇನೆ.

ಆಮೇಲೆ ಹಾಲಿನ ಲೆಕ್ಕದ ನೆಪದಲ್ಲಿ ಹನುಮಕ್ಕನ ಮನೆಗೆ ಹೋಗುತ್ತೇನೆ. ನನ್ನನ್ನು ಕಂಡೊಡನೆ ಅವರು ಏನೂ ಕೇಳದೆ ಪಾತ್ರೆಗೆ ಹಾಲು ಸುರಿದು, ಟೀ ಪುಡಿ ಹಾಕಿ ಒಲೆಯ ಮೇಲಿಡುತ್ತಾರೆ. ದೊಡ್ಡ ಲೋಟದ ತುಂಬ ಹುಯ್ದು, ಮೇಲೆ ಕೆನೆ ಬಿಟ್ಟು, ನನ್ನ ಕೈಗೆ ಕೊಟ್ಟು, ಕರುಣೆಯಿಂದ ನೋಡುತ್ತಾರೆ. "ಕುಡಿಯವ್ವ, ಒಟ್ಟೆ ತುಂಬ ಕುಡಿ. ಮನೇಲಿ ಇಲ್ದಿದ್ರೇನಂತೆ, ಇಲ್ಲಿಲ್ವಾ? ಮೇಷ್ಟ್ರುಗೆ ನಾನೇನು ಏಳಾಕಿಲ್ಲ" ಎನ್ನುತ್ತಾರೆ. ನಮಗೇನೂ ಕೊರತೆಯಿಲ್ಲ ಹನುಮಕ್ಕ ಎಂದು ಹೇಳಬೇಕೆಂದು ಪ್ರತಿ ಸಲವೂ ಮನಸ್ಸಿನಲ್ಲೇ ಅಂದುಕೊಳ್ಳುತ್ತೇನೆ. ಆದರೆ ಬಾಯಿ ತುಂಬ ಟೀ ಇರುವಾಗ ಮಾತಾಡುವುದು ಸಭ್ಯತೆಯಲ್ಲವೆಂದು ಸುಮ್ಮನಾಗುತ್ತೇನೆ.